ಬಸ್ಸಾರು ಉಂಡ ಮಗು, ಪಲ್ಯದಲ್ಲೇ ಉಳಿದ ಕಾಳು

ಕನಕಪುರದ ಕಡೆಯಿಂದ ಬಂದಿದ್ದ ತಾಯಿ ಕುರ್ಚಿಯಲ್ಲಿ ಕೂರುವ ಮೊದಲೇ ಫೋನ್ ತೆಗೆದು ನನ್ನ ಮುಂದೆ ಹಿಡಿದರು. ಯಾರೋ ಕಳಿಸಿದ ಪಟ್ಟಿ ಅದು. ಪ್ರೊಟೀನ್ ಜಾಸ್ತಿ, ಕಾರ್ಬೋಹೈಡ್ರೇಟ್ ಕಡಿಮೆ ಇರುವ ಮಕ್ಕಳ ಊಟ: ಬ್ರೊಕೊಲಿ, ಬೆಣ್ಣೆಹಣ್ಣು, ಬಾದಾಮಿ ಹಿಟ್ಟಿನ ರೊಟ್ಟಿ, ಚೀಸ್. "ಇದೆಲ್ಲ ನಮ್ಮೂರಲ್ಲಿ ಎಲ್ಲಿ ಸಿಗುತ್ತೆ ಮೇಡಂ? ಸಿಕ್ಕಿದ್ರೂ ಇವಳು ತಿಂತಾಳಾ?" ಜೊತೆಗೆ ಬಂದಿದ್ದ ಅಜ್ಜಿ ಸೆರಗಿನಿಂದ ಮೊಮ್ಮಗಳ ಬಾಯಿ ಒರೆಸುತ್ತಾ ಒಂದೇ ಮಾತು ಹೇಳಿದರು, "ಮಗ ಏನೂ ಉಣ್ಣಕಿಲ್ಲ ಕಣವ್ವ." ಮಗುವಿಗೆ ಆರು ವರ್ಷ.

ನಿನ್ನೆ ರಾತ್ರಿ ಮನೆಯಲ್ಲಿ ಏನಡುಗೆ ಎಂದು ಕೇಳಿದೆ. ಹುರುಳಿಕಾಳು, ದಂಟಿನ ಸೊಪ್ಪು ಹಾಕಿ ಬಸ್ಸಾರು, ಮುದ್ದೆ, ಅನ್ನ. ಇವಳು ಏನು ಉಂಡಳು? ಎರಡು ತುತ್ತು ಮುದ್ದೆ, ಸ್ವಲ್ಪ ಅನ್ನಕ್ಕೆ ಅದೇ ಸಾರು, ಆಮೇಲೆ ಒಂದು ಲೋಟ ಹಾಲು. ಪಲ್ಯ? "ಅದನ್ನ ಕಂಡ್ರೇ ಆಗಲ್ಲ, ತಟ್ಟೆ ಅಂಚಿಗೆ ತಳ್ತಾಳೆ."

ತಟ್ಟೆ ಅಂಚಿಗೆ ಹೋದ ಆ ಪಲ್ಯದಲ್ಲೇ ಅವರು ಹುಡುಕುತ್ತಿದ್ದ ಪ್ರೊಟೀನ್ ಇತ್ತು.

ಬಸ್ಸಾರು ಮಾಡುವ ಬಗೆಯನ್ನೇ ಒಮ್ಮೆ ನೆನಪಿಸಿಕೊಳ್ಳಿ. ಕಾಳನ್ನೂ ಸೊಪ್ಪನ್ನೂ ಬೇಯಿಸಿ, ನೀರನ್ನು ಬಸಿಯುತ್ತೇವೆ. ಬಸಿದ ಕಟ್ಟಿಗೆ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಕಾಯಿ ರುಬ್ಬಿ ಹಾಕಿದರೆ ಸಾರು. ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಕಟ್ಟಿಗೆ ರುಚಿ ಇಳಿಯುತ್ತದೆ, ಬಣ್ಣ ಇಳಿಯುತ್ತದೆ, ಒಂದಿಷ್ಟು ಲವಣಾಂಶವೂ ಇಳಿಯುತ್ತದೆ. ಪ್ರೊಟೀನ್ ಮಾತ್ರ ಬಹುಪಾಲು ಕಾಳಿನಲ್ಲೇ ಉಳಿಯುತ್ತದೆ. ಉಪ್ಸಾರಿನ ಕಥೆಯೂ ಇದೇ. ದೊಡ್ಡವರು ಮುದ್ದೆಯ ಜೊತೆ ಪಲ್ಯವನ್ನೂ ತಿನ್ನುವುದರಿಂದ ಅವರಿಗೆ ಎರಡೂ ಸೇರುತ್ತವೆ. ಬರೀ ಸಾರಿನಲ್ಲಿ ಉಂಡ ಮಗುವಿಗೆ ಹೆಚ್ಚಾಗಿ ಮುದ್ದೆ, ಅನ್ನದ ಪಿಷ್ಟವೇ ಸೇರುತ್ತದೆ. ಮಸ್ಸೊಪ್ಪು ಹಾಗಲ್ಲ. ಅದರಲ್ಲಿ ಬೇಳೆಯನ್ನೂ ಸೊಪ್ಪನ್ನೂ ಮಸೆದೇ ಬಡಿಸುವುದರಿಂದ ಮಗುವಿಗೆ ಏನನ್ನೂ ಆರಿಸಿ ಪಕ್ಕಕ್ಕಿಡಲು ಬರುವುದಿಲ್ಲ.

ಆದ್ದರಿಂದ ನಾನು ಆ ತಾಯಿಗೆ ಮೊದಲು ಹೇಳಿದ್ದು ಹೊಸ ತಿಂಡಿಯನ್ನಲ್ಲ. ಬಸ್ಸಾರಿಗೆ ಖಾರ ರುಬ್ಬುವಾಗ ನಾವು ಹೇಗೂ ಒಂದು ಹಿಡಿ ಬೆಂದ ಕಾಳು ಸೊಪ್ಪು ಸೇರಿಸಿಯೇ ರುಬ್ಬುತ್ತೇವೆ. ಮಗುವಿನ ಪಾಲಿನ ಸಾರನ್ನು ಪುಟ್ಟ ಪಾತ್ರೆಗೆ ತೆಗೆದು, ಅದಕ್ಕೆ ಇನ್ನೆರಡು ಸೌಟು ಬೆಂದ ಕಾಳನ್ನು ನುಣ್ಣಗೆ ರುಬ್ಬಿ ಬೆರೆಸಿ. ಸಾರು ಮಂದವಾಗುತ್ತದೆ, ರುಚಿ ಅದೇ ಇರುತ್ತದೆ. ಅರ್ಧ ಬಟ್ಟಲು ಬೆಂದ ಕಾಳಿನಲ್ಲಿ ಸುಮಾರು 6ರಿಂದ 7 ಗ್ರಾಂ ಪ್ರೊಟೀನ್ ಇರುತ್ತದೆ, ಅಂದರೆ ಹೆಚ್ಚುಕಡಿಮೆ ಒಂದು ಮೊಟ್ಟೆಯಷ್ಟು.

ಇನ್ನು ಮಗುವಿಗೆ ದಿನಕ್ಕೆ ಎಷ್ಟು ಬೇಕು? ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ 2020ರ ಲೆಕ್ಕದಂತೆ 4ರಿಂದ 6 ವರ್ಷದ ಮಗುವಿಗೆ ದಿನಕ್ಕೆ ಸುಮಾರು 16 ಗ್ರಾಂ, 7ರಿಂದ 9 ವರ್ಷಕ್ಕೆ 23 ಗ್ರಾಂ, 10ರಿಂದ 12ಕ್ಕೆ 32 ಗ್ರಾಂ ಆಸುಪಾಸು. ಒಂದು ಮೊಟ್ಟೆಯಲ್ಲಿ 6 ಗ್ರಾಂ, 150 ಮಿಲಿಲೀಟರ್ ಹಾಲಿನಲ್ಲಿ 5 ಗ್ರಾಂ, ಅರ್ಧ ಬಟ್ಟಲು ಕಾಳಿನಲ್ಲಿ 6 ಗ್ರಾಂ. ಈ ಮೂರರಲ್ಲೇ ಆರು ವರ್ಷದ ಮಗುವಿನ ದಿನದ ಲೆಕ್ಕ ಮುಗಿಯಿತು. ಹಾಗಾಗಿ ಹೆದರಬೇಡಿ. ಬೇಕಿರುವುದು ದೊಡ್ಡ ಮೊತ್ತವಲ್ಲ. ಆದರೆ ಅದು ಅನ್ನ ಒಂದರಿಂದಲೇ ಬರಲಿ ಎಂದರೆ ಆಗದು. ಅಕ್ಕಿಯ ಪ್ರೊಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಬೇಳೆಕಾಳಿನಲ್ಲಿ ಅದು ಧಾರಾಳ. ಎರಡೂ ಒಂದೇ ದಿನದ ಊಟದಲ್ಲಿ ಸೇರಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಕಾರ್ಬೋಹೈಡ್ರೇಟ್ ವಿಷಯಕ್ಕೆ ಬಂದರೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಬೆಳೆಯುವ ಮಗುವಿನ ತಟ್ಟೆಯಿಂದ ಮುದ್ದೆ, ಅನ್ನವನ್ನು ತೆಗೆದು ಹಾಕಬೇಡಿ. ಐದನೇ ವಯಸ್ಸಿನ ಸುಮಾರಿಗೆ ಮಗು ಖರ್ಚು ಮಾಡುವ ಶಕ್ತಿಯಲ್ಲಿ ಐದರಲ್ಲಿ ಎರಡು ಪಾಲಿಗೂ ಹೆಚ್ಚು ಮೆದುಳಿಗೇ ಹೋಗುತ್ತದೆ, ಮತ್ತು ಮೆದುಳಿನ ಮುಖ್ಯ ಇಂಧನ ಗ್ಲೂಕೋಸ್. ಪಿಷ್ಟವನ್ನು ತೀರಾ ಇಳಿಸಿ ಕೊಬ್ಬನ್ನು ಏರಿಸುವ ಕೀಟೋ ಆಹಾರವನ್ನು 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಡಾ. ರಸೆಲ್ ವೈಲ್ಡರ್ ಸೂಚಿಸಿದ್ದು ಮೂರ್ಛೆರೋಗಕ್ಕೆ ಚಿಕಿತ್ಸೆಯಾಗಿ. ಔಷಧಿಗೆ ಬಗ್ಗದ ಮೂರ್ಛೆ ಇರುವ ಮಕ್ಕಳಿಗೆ ಇಂದಿಗೂ ಅದನ್ನು ವೈದ್ಯರ ಕಣ್ಗಾವಲಿನಲ್ಲೇ ಕೊಡುತ್ತಾರೆ. ಅದು ಮನೆಯಲ್ಲಿ ಮಾಡಿ ನೋಡುವ ಪಥ್ಯವಲ್ಲ. ಇನ್ಸುಲಿನ್ ತೆಗೆದುಕೊಳ್ಳುವ ಮಗು ಇದ್ದರಂತೂ ವೈದ್ಯರನ್ನು ಕೇಳದೆ ಒಂದು ತುತ್ತು ಅನ್ನವನ್ನೂ ಹೆಚ್ಚುಕಡಿಮೆ ಮಾಡಬೇಡಿ.

ಕಡಿಮೆ ಮಾಡಬೇಕಾದ ಕಾರ್ಬೋಹೈಡ್ರೇಟ್ ಬೇರೆಯೇ ಇದೆ. ಬೆಳಿಗ್ಗೆ ಟೀಗೆ ಅದ್ದಿ ಕೊಡುವ ಬನ್ನು ಮತ್ತು ಬಿಸ್ಕತ್ತು, ಶಾಲೆ ಬಿಟ್ಟ ಮೇಲಿನ ಚಿಪ್ಸ್ ಪೊಟ್ಟಣ, ಹಾಲಿಗೆ ಹಾಕುವ ಎರಡು ಚಮಚ ಸಕ್ಕರೆ, ಬಾಟಲಿ ಜ್ಯೂಸು, ಸಂಜೆಯ ನೂಡಲ್ಸು. ನೂರು ಗ್ರಾಂ ಬಿಸ್ಕತ್ತಿನಲ್ಲಿ ಮುಕ್ಕಾಲು ಪಾಲು ಮೈದಾ ಮತ್ತು ಸಕ್ಕರೆಯಿಂದ ಬರುವ ಕಾರ್ಬೋಹೈಡ್ರೇಟ್, ಪ್ರೊಟೀನ್ 6–7 ಗ್ರಾಂ ಮಾತ್ರ. ರಾಗಿಯಲ್ಲೂ ಪ್ರೊಟೀನ್ ಹೆಚ್ಚುಕಡಿಮೆ ಅಷ್ಟೇ ಇರಬಹುದು, ಆದರೆ ರಾಗಿಯ ಜೊತೆ ನಾರು ಬರುತ್ತದೆ, ನೂರು ಗ್ರಾಮಿಗೆ 340 ಮಿಲಿಗ್ರಾಮಿಗೂ ಹೆಚ್ಚು ಸುಣ್ಣದಂಶ ಬರುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಸಾರು ಬರುತ್ತದೆ. ಮುದ್ದೆಯನ್ನು ಬರಿದೇ ಯಾರೂ ಉಣ್ಣುವುದಿಲ್ಲವಲ್ಲ. ಮಕ್ಕಳಿಗೆ ಟೀ ಕಾಫಿ ಕೊಡುವ ರೂಢಿಯನ್ನು ದಯವಿಟ್ಟು ನಿಲ್ಲಿಸಿ. ಊಟದ ಆಸುಪಾಸು ಕುಡಿದ ಟೀ ಸೊಪ್ಪು ಕಾಳಿನ ಕಬ್ಬಿಣದಂಶ ಮೈಗೆ ಹತ್ತದಂತೆ ಮಾಡುತ್ತದೆ.

ಇಷ್ಟು ಹೇಳಿದ ಮೇಲೆ ಆ ಅಜ್ಜಿ ಕೇಳಿದರು, "ಅದ್ಸರಿ, ಬಾಯಿಗೇ ಇಟ್ಕಳಕಿಲ್ವಲ್ಲ, ಏನ್ಮಾಡನ?"

ಅವರ ಮನೆಯಲ್ಲಿ ರೇಷ್ಮೆ ಹುಳು ಸಾಕಣೆ ಇದೆ. ರಾಮನಗರದ ಗೂಡಿನ ಮಾರುಕಟ್ಟೆಗೆ ಗೂಡು ಹಾಕುವವರು. ಅವರಿಗೆ ಅರ್ಥವಾಗುವ ಮಾತು ಅವರ ಹತ್ತಿರವೇ ಇತ್ತು. ಹುಳು ಜ್ವರಕ್ಕೆ ಕೂತಾಗ ಸೊಪ್ಪು ಹಾಕುತ್ತೀರಾ ಎಂದು ಕೇಳಿದೆ. "ಇಲ್ಲ, ಹಾಕಬಾರ್ದು." ಚಾಕಿ ಹುಳಕ್ಕೆ, ಅಂದರೆ ಎಳೆಯ ಹುಳಕ್ಕೆ, ದೊಡ್ಡ ಎಲೆ ಕೊಡುತ್ತೀರಾ? "ಎಳೇ ಸೊಪ್ಪು, ಸಣ್ಣಕೆ ಹೆಚ್ಚಿ ಹಾಕ್ತೀವಿ." ರೇಷ್ಮೆ ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಆಗೆಲ್ಲ ಮೇವು ಬಿಡುತ್ತದೆ, ಪೊರೆ ಕಳಚಿ ಎದ್ದ ಮೇಲೆ ತಾನೇ ಮೇಯುತ್ತದೆ. ಅದನ್ನು ಗದರಿಸುವವರಿಲ್ಲ. ತಟ್ಟೆ ಚೊಕ್ಕಟ ಮಾಡಿ, ಹೊತ್ತಿಗೆ ಸರಿಯಾಗಿ ಸೊಪ್ಪು ಕೊಡುವುದಷ್ಟೇ ಮನೆಯವರ ಕೆಲಸ.

ಮಕ್ಕಳ ಹಸಿವಿಗೂ ಏರಿಳಿತವಿದೆ. ಮೊದಲ ವರ್ಷದಲ್ಲಿ ಹುಟ್ಟುತೂಕದ ಮೂರರಷ್ಟಾಗುವ ಕೂಸು ಆಮೇಲೆ ನಿಧಾನವಾಗಿ ಬೆಳೆಯುತ್ತದೆ, ಹಸಿವೂ ಇಳಿಯುತ್ತದೆ. ಎರಡರಿಂದ ಆರು ವರ್ಷದೊಳಗೆ ಹೊಸ ತಿನಿಸನ್ನು ಕಂಡರೆ ಹಿಂಜರಿಯುವುದು ಬಹುತೇಕ ಮಕ್ಕಳ ಸ್ವಭಾವ. ಅದು ಹಟವಲ್ಲ, ತಾಯಿಯ ಅಡುಗೆಯ ದೋಷವೂ ಅಲ್ಲ. ಒಂದು ತಿನಿಸನ್ನು ಮಗು ಒಪ್ಪಿಕೊಳ್ಳಲು ಎಂಟರಿಂದ ಹದಿನೈದು ಸಲ ಅದು ಕಣ್ಣಿಗೆ ಬೀಳಬೇಕಾಗಬಹುದು, ಮೂಗಿಗೆ ತಾಕಬೇಕಾಗಬಹುದು. ನಾವು ಎರಡು ಸಲ ಕೊಟ್ಟು, ಮೂರನೇ ಸಲಕ್ಕೆ "ಇವನಿಗೆ ಆಗಲ್ಲ" ಎಂದು ತೀರ್ಮಾನ ಮಾಡಿಬಿಡುತ್ತೇವೆ.

ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ ಹೇಳುವ ಹಂಚಿಕೆಯೊಂದು ನನಗೆ ಬಹಳ ಉಪಯೋಗಕ್ಕೆ ಬಂದಿದೆ. ಏನು, ಯಾವಾಗ, ಎಲ್ಲಿ ಉಣ್ಣುವುದು ಎನ್ನುವುದು ದೊಡ್ಡವರ ಜವಾಬ್ದಾರಿ. ಎಷ್ಟು ಉಣ್ಣುವುದು, ಉಣ್ಣುವುದೋ ಬೇಡವೋ ಎನ್ನುವುದು ಮಗುವಿನದು. ತಟ್ಟೆಯಲ್ಲಿ ಮಗುವಿಗೆ ಒಗ್ಗಿದ ಒಂದು ಪದಾರ್ಥ ಇರಲೇಬೇಕು. ಪಕ್ಕದಲ್ಲಿ ಒಗ್ಗದ ಪದಾರ್ಥ ಒಂದು ಚಮಚ. ತಿನ್ನು ಎನ್ನಬೇಡಿ, ತಿಂದರೆ ಚಪ್ಪಾಳೆಯನ್ನೂ ಹೊಡೆಯಬೇಡಿ. ಟಿವಿ ಹಾಕಿ, ಫೋನ್ ಕೊಟ್ಟು, ಬಾಯಿ ತೆರೆದ ಹೊತ್ತಿಗೆ ತುರುಕುವುದರಿಂದ ಆ ಹೊತ್ತಿನ ಊಟವೇನೋ ಇಳಿಯುತ್ತದೆ, ಆದರೆ ತನಗೆ ಹಸಿವಾಗಿದೆಯೇ ಹೊಟ್ಟೆ ತುಂಬಿದೆಯೇ ಎಂದು ತಿಳಿಯುವ ಶಕ್ತಿಯೇ ಮಗುವಿನಲ್ಲಿ ಮಂಕಾಗುತ್ತದೆ.

ಚಾಕಿ ಹುಳದ ಎಲೆಯ ಮಾತಿಗೆ ಮತ್ತೆ ಬರುತ್ತೇನೆ. ಊಟ ಬೇಡ ಎನ್ನುವ ಎಷ್ಟೋ ಮಕ್ಕಳು ರುಚಿಯನ್ನಲ್ಲ, ಬಾಯಿಗೆ ಸಿಗುವ ಹದವನ್ನು ಬೇಡ ಎನ್ನುತ್ತಿರುತ್ತಾರೆ. ಹುರುಳಿಯ ಸಿಪ್ಪೆ ನಾಲಿಗೆಗೆ ಅಂಟುತ್ತದೆ. ಅಲಸಂದೆ ಹಿಟ್ಟುಹಿಟ್ಟು. ನಾಟಿಕೋಳಿ ಸಾರಿನ ತುಂಡು ಎಷ್ಟು ಅಗಿದರೂ ನುರಿಯುವುದಿಲ್ಲ. ಬೇಯಿಸಿದ ಮೊಟ್ಟೆಯ ಭಂಡಾರ ಗಂಟಲಲ್ಲಿ ಒಣಗುತ್ತದೆ. ಹದ ಬದಲಿಸಿದರೆ ಅದೇ ಪದಾರ್ಥ ಅದೇ ಮಗುವಿಗೆ ಒಗ್ಗುತ್ತದೆ.

ಇದಕ್ಕೆ ನಮ್ಮ ಅಡುಗೆಮನೆಯಲ್ಲಿ ನುಚ್ಚಿನುಂಡೆಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ನೂರು ಗ್ರಾಂ ತೊಗರಿಬೇಳೆಯನ್ನು, ಬೇಕಿದ್ದರೆ ಅದರಲ್ಲಿ ಅರ್ಧ ಕಡಲೆಬೇಳೆ ಸೇರಿಸಿ, ಎರಡು ಮೂರು ಗಂಟೆ ನೆನೆಸಿ. ನೀರು ಪೂರ್ತಿ ಬಸಿದು, ಚೂರು ಶುಂಠಿ, ಉಪ್ಪು, ಮಗುವಿಗೆ ತಡೆಯುವಷ್ಟು ಹಸಿಮೆಣಸಿನಕಾಯಿ ಹಾಕಿ ತರಿತರಿಯಾಗಿ ರುಬ್ಬಿ. ಕಾಯಿತುರಿ ಬೆರೆಸಿ ಪುಟ್ಟ ಪುಟ್ಟ ಉಂಡೆ ಕಟ್ಟಿ ಇಡ್ಲಿ ಪಾತ್ರೆಯಲ್ಲಿ ಹನ್ನೆರಡರಿಂದ ಹದಿನೈದು ನಿಮಿಷ ಹಬೆಯಲ್ಲಿ ಬೇಯಿಸಿ. ಸಬ್ಬಸಿಗೆ ಸೊಪ್ಪು ಹಾಕಿದರೆ ಘಮ ಚೆನ್ನ, ಆದರೆ ಹಸಿರು ಕಂಡರೆ ಅನುಮಾನ ಪಡುವ ಮಗುವಿಗೆ ಮೊದಲ ಒಂದೆರಡು ಸಲ ಸೊಪ್ಪಿಲ್ಲದೆಯೇ ಮಾಡಿ, ಆಮೇಲೆ ಒಂದು ಚಿಟಿಕೆಯಿಂದ ಶುರು ಮಾಡಿ. ಹತ್ತು ಉಂಡೆ ಆದರೆ ಒಂದೊಂದರಲ್ಲಿ ಎರಡು ಗ್ರಾಮಿಗೂ ತುಸು ಹೆಚ್ಚು ಪ್ರೊಟೀನ್. ನಾಲ್ಕು ಉಂಡೆ ತಿಂದ ಮಗುವಿಗೆ 9 ಗ್ರಾಂ ಹತ್ತಿರ ಸಿಕ್ಕಿತು. ಎಣ್ಣೆ ಇಲ್ಲ, ಮೈದಾ ಇಲ್ಲ, ಕೈಯಲ್ಲಿ ಹಿಡಿದು ತಿನ್ನಬಹುದು, ಮಾರನೇ ದಿನದ ಡಬ್ಬಿಗೂ ಆಗುತ್ತದೆ. ಬೇಳೆಯಲ್ಲೂ ಪಿಷ್ಟ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದು ನಿಧಾನವಾಗಿ ಕರಗುವ ಪಿಷ್ಟ, ಮತ್ತು ಪ್ರೊಟೀನಿನ ಜೊತೆಗೇ ಬರುತ್ತದೆ.

ದೋಸೆ ಇಡ್ಲಿ ತಿನ್ನುವ ಮಗುವಾದರೆ ಕೆಲಸ ಇನ್ನೂ ಸುಲಭ. ಭಾನುವಾರ ಮಾಗಡಿಯ ಬೆಣ್ಣೆ ಹಚ್ಚಿದ ಮಸಾಲೆ ದೋಸೆಯೋ ಬಿಡದಿಯ ತಟ್ಟೆ ಇಡ್ಲಿಯೋ ಸಂತೋಷವಾಗಿ ತಿನ್ನಿಸಿ, ಅದಕ್ಕೆ ಲೆಕ್ಕ ಬೇಡ. ಮನೆಯ ಹಿಟ್ಟಿನಲ್ಲಿ ಮಾತ್ರ ಅಳತೆ ಬದಲಿಸಿ. ನಾಲ್ಕು ಲೋಟ ಅಕ್ಕಿಗೆ ಒಂದು ಲೋಟ ಉದ್ದು ಹಾಕುವವರು ಅಕ್ಕಿಯನ್ನು ಮೂರಕ್ಕೆ ಇಳಿಸಿ, ಆ ಜಾಗಕ್ಕೆ ಹೆಸರುಕಾಳು ಹಾಕಿ. ಮಗು ಗಮನಿಸಲಿಲ್ಲವೆಂದರೆ ಎರಡು ವಾರ ಬಿಟ್ಟು ಎರಡಕ್ಕೆ ಇಳಿಸಿ, ಒಂದು ಹಿಡಿ ಕಡಲೆಬೇಳೆ ಸೇರಿಸಿ. ಒಂದೇ ದಿನ ಎಲ್ಲವನ್ನೂ ಬದಲಿಸಿದರೆ ಮಗು ಮೊದಲ ತುತ್ತಿಗೇ ಕಂಡುಹಿಡಿಯುತ್ತದೆ, ಆಮೇಲೆ ಒಳ್ಳೆಯ ದೋಸೆಯನ್ನೂ ನಂಬುವುದಿಲ್ಲ.

ಮೊಟ್ಟೆ ತಿನ್ನುವ ಮನೆಗಳಲ್ಲಿ ಬೇಯಿಸಿದ್ದು ಬೇಡವೆಂದರೆ ದೋಸೆಯ ಮೇಲೆ ಒಡೆದು ಹರಡಿ. ಇಲ್ಲವೇ ಕುದಿಯುವ ಸಾರಿಗೆ ಒಡೆದು ಬಿಟ್ಟು ಕದಡಿ. ಮಾಂಸ ಮಾಡುವ ಮನೆಯವರಿಗೆ ನಾನು ಕೈಮ ಉಂಡೆ ಸಾರನ್ನು ನೆನಪಿಸುತ್ತೇನೆ. ಕೈಮಕ್ಕೆ ಹುರಿಗಡಲೆ ಪುಡಿ ಹಾಕಿ ಕಟ್ಟಿದ ಉಂಡೆ ಚಮಚದಲ್ಲಿ ಒತ್ತಿದರೆ ಮುರಿಯುವಷ್ಟು ಮೆತ್ತಗಿರುತ್ತದೆ, ಹಲ್ಲು ಬಿದ್ದ ಮಗುವೂ ತಿನ್ನುತ್ತದೆ. ನಾಟಿಕೋಳಿಯ ದಿನ ಮಗುವಿನ ತಟ್ಟೆಗೆ ಬರೀ ಸಾರು ಮತ್ತು ಒಂದು ಮೂಳೆ ಹಾಕಿ, ಕೋಳಿ ತಿಂದ ಎನ್ನಬೇಡಿ. ತುಂಡನ್ನು ಎಳೆಎಳೆಯಾಗಿ ಬಿಡಿಸಿ ಅನ್ನಕ್ಕೆ ಕಲೆಸಿ ಕೊಡಿ.

ಹಾಲಿನ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಹಸು ಕಟ್ಟಿದ ಮನೆಗಳು, ಡೇರಿಗೆ ಹಾಲು ಹಾಕುವ ಮನೆಗಳು ಈ ಕಡೆ ಬಹಳ. ಮಗು ಉಣ್ಣಲಿಲ್ಲ ಎಂದರೆ ಒಂದು ಲೋಟ ಹಾಲು, ರಾತ್ರಿ ಎದ್ದರೆ ಇನ್ನೊಂದು. ದಿನಕ್ಕೆ ಅರ್ಧ ಲೀಟರ್ ದಾಟಿದರೆ ಆ ಪುಟ್ಟ ಹೊಟ್ಟೆಯಲ್ಲಿ ಊಟಕ್ಕೆ ಜಾಗ ಉಳಿಯುವುದಿಲ್ಲ. ಹಾಲಿನಲ್ಲಿ ಕಬ್ಬಿಣದಂಶ ಬಹಳ ಕಡಿಮೆ, ಹಾಗಾಗಿ ದುಂಡಗೆ ಕಾಣುವ ಮಗುವಿಗೂ ರಕ್ತಹೀನತೆ ಬರಬಹುದು. ಒಂದು ಲೋಟ ಕಡಿಮೆ ಮಾಡಿ ನೋಡಿ, ಎಷ್ಟೋ ಮನೆಗಳಲ್ಲಿ "ಉಣ್ಣದ ಮಗು" ಒಂದೇ ವಾರದಲ್ಲಿ ತಟ್ಟೆಯ ಮುಂದೆ ಕೂರುತ್ತದೆ. ಅದೇ ಹಾಲಿನ ಮೊಸರನ್ನು ತೆಳು ಬಟ್ಟೆಯಲ್ಲಿ ಎರಡು ಗಂಟೆ ಕಟ್ಟಿ ತೂಗುಹಾಕಿದರೆ ನೀರಿಳಿದು ಗಟ್ಟಿಯಾಗುತ್ತದೆ. ಉಪ್ಪು ಜೀರಿಗೆಪುಡಿ ಬೆರೆಸಿದರೆ ಚಪಾತಿಗೂ ಸೌತೆಕಾಯಿ ತುಂಡಿಗೂ ನಂಜಿಕೊಳ್ಳಲು ಆಗುತ್ತದೆ. ಮನೆಯಲ್ಲಿ ಹಾಲು ಒಡೆಸಿ ಮಾಡಿದ ಪನ್ನೀರನ್ನು ಬೆರಳುದ್ದ ಕತ್ತರಿಸಿ ತವದ ಮೇಲೆ ಬಾಡಿಸಿ ಕೊಟ್ಟರೆ, ಪಿಷ್ಟ ಹೆಚ್ಚುಕಡಿಮೆ ಇಲ್ಲದ ತಿಂಡಿ ಅದು.

ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಹೋಗುವ ಮಕ್ಕಳಿಗೆ ಒಂದು ಅನುಕೂಲವಿದೆ. 2013ರ ಆಗಸ್ಟಿನಲ್ಲಿ ಶುರುವಾದ ಕ್ಷೀರಭಾಗ್ಯದಿಂದ ಬಿಸಿಹಾಲು ಸಿಗುತ್ತದೆ. ಮಕ್ಕಳಿಗೆ ಕೊಡುವ ಮೊಟ್ಟೆ 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನಿಂದ ವಾರಕ್ಕೆ ಎರಡರಿಂದ ಆರಕ್ಕೆ ಏರಿತು. ನಿಮ್ಮ ಮಗು ಅಲ್ಲಿ ಮೊಟ್ಟೆ ತಿನ್ನುತ್ತದೋ ಬಾಳೆಹಣ್ಣು ಆರಿಸಿಕೊಳ್ಳುತ್ತದೋ ಎಂದು ಒಮ್ಮೆ ಕೇಳಿ ತಿಳಿಯಿರಿ. ಬಾಳೆಹಣ್ಣು ಒಳ್ಳೆಯದೇ, ಆದರೆ ಅದರಲ್ಲಿ ಪ್ರೊಟೀನ್ ಒಂದೂವರೆ ಗ್ರಾಂ ಕೂಡ ಇಲ್ಲ. ಹಣ್ಣು ತಿಂದು ಬಂದ ಮಗುವಿಗೆ ಸಂಜೆ ಮನೆಯಲ್ಲಿ ಕಾಳು ಬೇಕು.

ಆ ಸಂಜೆಯ ಹೊತ್ತೇ, ನಾಲ್ಕೂವರೆಯಿಂದ ಐದೂವರೆ, ನನ್ನ ಪ್ರಕಾರ ದಿನದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಮಗು ನಿಜವಾಗಿ ಹಸಿದು ಬಂದಿರುತ್ತದೆ. ಬಾಗಿಲಲ್ಲಿ ಚಿಪ್ಸ್ ಸಿಕ್ಕರೆ ಅದನ್ನು ತಿನ್ನುತ್ತದೆ, ಉಸ್ಲಿ ಸಿಕ್ಕರೆ ಉಸ್ಲಿ ತಿನ್ನುತ್ತದೆ. ಬೆಳಿಗ್ಗೆ ನೆನೆಸಿಟ್ಟ ಕಡಲೆಕಾಳೋ ಹೆಸರುಕಾಳೋ ಕುಕ್ಕರಿನಲ್ಲಿ ಬೆಂದು, ಸಾಸಿವೆ ಕರಿಬೇವಿನ ಒಗ್ಗರಣೆ, ಒಂದಿಷ್ಟು ಕಾಯಿ, ನಾಲ್ಕು ಹನಿ ನಿಂಬೆರಸ. ನಿಂಬೆರಸದ ಹುಳಿ ಕಾಳಿನ ಕಬ್ಬಿಣದಂಶವನ್ನೂ ಮೈಗೆ ಹತ್ತಿಸುತ್ತದೆ. ಕೆಲಸಕ್ಕೆ ಹೋಗುವ ತಾಯಂದಿರಿಗೆ ಪುರುಸೊತ್ತಿಲ್ಲದಿದ್ದರೆ ಹುರಿಗಡಲೆ ಕಡಲೆಬೀಜ ಬೆರೆಸಿದ ಒಂದು ಡಬ್ಬಿ ಸಾಕು. ಹುರಿಗಡಲೆಯಲ್ಲಿ ನೂರು ಗ್ರಾಮಿಗೆ 20 ಗ್ರಾಮಿಗೂ ಮೇಲೆ, ಕಡಲೆಬೀಜದಲ್ಲಿ 24 ಗ್ರಾಂ ಹತ್ತಿರ ಪ್ರೊಟೀನ್ ಇದೆ. ಐದು ವರ್ಷದೊಳಗಿನವರಿಗೆ ಮಾತ್ರ ಇಡೀ ಕಡಲೆಬೀಜ, ಇಡೀ ಕಾಳು ಕೊಡಬೇಡಿ, ಉಸಿರುನಾಳಕ್ಕೆ ಸಿಕ್ಕಿಕೊಳ್ಳುವ ಅಪಾಯವಿದೆ. ಪುಡಿ ಮಾಡಿ ಚೂರು ಬೆಲ್ಲ ಸೇರಿಸಿ ಉಂಡೆ ಕಟ್ಟಿ. ಕಡಲೆಬೀಜ ತಿಂದಾಗ ಮೈಮೇಲೆ ದದ್ದು ಎದ್ದರೆ, ತುಟಿ ಊದಿದರೆ, ಮತ್ತೆ ಕೊಡದೆ ವೈದ್ಯರಿಗೆ ತೋರಿಸಿ.

ಡಬ್ಬದಲ್ಲಿ ಬರುವ ಪ್ರೊಟೀನ್ ಪುಡಿ ಆರೋಗ್ಯವಂತ ಮಗುವಿಗೆ ಬೇಕಿಲ್ಲ. 2024ರ ಮೇ ತಿಂಗಳಲ್ಲಿ ಬಂದ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ ಆಹಾರ ಮಾರ್ಗಸೂಚಿಯೂ ಪ್ರೊಟೀನ್ ಪೂರಕಗಳನ್ನು ದೂರ ಇಡಿ ಎಂದೇ ಹೇಳುತ್ತದೆ. ಅದೇ ಮಾರ್ಗಸೂಚಿ ದಿನದ ಶಕ್ತಿಯಲ್ಲಿ ಧಾನ್ಯದ ಪಾಲು ಶೇ 45ಕ್ಕಿಂತ ಹೆಚ್ಚಾಗದಿರಲಿ, ಬೇಳೆಕಾಳು, ಮೊಟ್ಟೆ, ಮಾಂಸದ ಪಾಲು ಶೇ 14–15ರಷ್ಟಿರಲಿ ಎನ್ನುತ್ತದೆ. ತಟ್ಟೆಯ ಮಟ್ಟಿಗೆ ಹೇಳುವುದಾದರೆ ಮುದ್ದೆ ಸ್ವಲ್ಪ ಚಿಕ್ಕದು, ಸಾರು ಮಂದ, ಪಲ್ಯ ಎರಡು ಸೌಟು.

ಇದೆಲ್ಲ ಮಾಡಿಯೂ ಕೆಲವು ಮಕ್ಕಳಿಗೆ ವೈದ್ಯರು ಬೇಕಾಗುತ್ತಾರೆ. ತಿಂಗಳುಗಟ್ಟಲೆ ತೂಕ ಏರದಿದ್ದರೆ, ನುಂಗುವಾಗ ಕೆಮ್ಮು ಉಸಿರುಕಟ್ಟು ಬರುತ್ತಿದ್ದರೆ, ಅಗಿಯುವ ಪದಾರ್ಥ ಯಾವುದನ್ನೂ ಬಾಯಿಗಿಡದೆ ವಾಂತಿ ಮಾಡಿಕೊಳ್ಳುತ್ತಿದ್ದರೆ, ತಿನ್ನುತ್ತಿದ್ದ ಪದಾರ್ಥಗಳೂ ಒಂದೊಂದಾಗಿ ಬಿಟ್ಟುಹೋಗಿ ನಾಲ್ಕೈದಕ್ಕೆ ಇಳಿದಿದ್ದರೆ, ಮಾತು ತಡವಾಗಿದ್ದು ಜೊತೆಗೆ ಊಟದ ಹಟವೂ ಇದ್ದರೆ, ಕಾಯದೆ ಮಕ್ಕಳ ವೈದ್ಯರನ್ನು ಕಾಣಿ. ಬಳಪ, ಮಣ್ಣು, ಗೋಡೆಯ ಸುಣ್ಣ ತಿನ್ನುವ ಮಗುವನ್ನು ಹೊಡೆಯಬೇಡಿ. ಅದು ಎಷ್ಟೋ ಸಲ ಕಬ್ಬಿಣದಂಶ ಕಡಿಮೆಯಾಗಿರುವುದರ ಗುರುತು, ರಕ್ತ ಪರೀಕ್ಷೆ ಮಾಡಿಸಿ. ಶಾಲೆ, ಅಂಗನವಾಡಿಯಲ್ಲಿ ವರ್ಷಕ್ಕೆರಡು ಸಲ ಕೊಡುವ ಜಂತುಹುಳುವಿನ ಮಾತ್ರೆಯನ್ನು ತಪ್ಪಿಸಬೇಡಿ.

ಮಗುವನ್ನು ಅಡುಗೆಯ ಹತ್ತಿರ ಕೂರಿಸಿಕೊಳ್ಳುವುದರಿಂದ ಆಗುವ ಉಪಯೋಗ ಯಾವ ಪಟ್ಟಿಯಿಂದಲೂ ಆಗುವುದಿಲ್ಲ. ಚನ್ನಪಟ್ಟಣದ ಮರದ ಅಡುಗೆ ಆಟಿಕೆಗಳಲ್ಲಿ ನಾಲ್ಕು ಕಾಳು ಹಾಕಿ ಗೊಂಬೆಗೆ ಬಡಿಸಿದ ಮಗು, ಆ ಕಾಳನ್ನು ತನ್ನ ತಟ್ಟೆಯಲ್ಲಿ ಕಂಡಾಗ ಅಷ್ಟಾಗಿ ಬೆದರುವುದಿಲ್ಲ. ಚಳಿಗಾಲ ಬಂತೆಂದರೆ ಮಾಗಡಿ ಸೀಮೆಯ ಅವರೆ ಬರುತ್ತದೆ. ಕಾಯಿ ಬಿಡಿಸುವುದು, ಕಾಳು ನೆನೆಹಾಕುವುದು, ಹಿತುಕುವುದು, ಎಲ್ಲಕ್ಕೂ ಮಕ್ಕಳ ಪುಟ್ಟ ಬೆರಳು ಒಳ್ಳೆಯದು. ಹಿತುಕಿದ ಅವರೆಬೇಳೆಗೆ ಸಿಪ್ಪೆಯಿಲ್ಲ, ಬೆಂದರೆ ಬೆಣ್ಣೆಯಂತೆ ಮೆತ್ತಗಾಗುತ್ತದೆ. ಕಾಳಿನ ಸಿಪ್ಪೆಗೆ ಮುಖ ತಿರುಗಿಸುವ ಮಗುವಿಗೆ ಇದರಿಂದಲೇ ಶುರು ಮಾಡುವುದು ಸರಿ. ಹಸಿಯದನ್ನು ಬಾಯಿಗೆ ಹಾಕಿಕೊಳ್ಳದಂತೆ ಮಾತ್ರ ನೋಡಿಕೊಳ್ಳಿ, ಅವರೆ ಚೆನ್ನಾಗಿ ಬೇಯಲೇಬೇಕು.

ಆ ಕನಕಪುರದ ಅಜ್ಜಿ ಡಿಸೆಂಬರ್ ಕೊನೆಯಲ್ಲಿ ಮತ್ತೆ ಬಂದಿದ್ದರು. ಮೊಮ್ಮಗಳು ಅಂಗಳದಲ್ಲಿ ಜೊತೆಗೆ ಕೂತು ಅವರೆ ಹಿತುಕುತ್ತಾಳಂತೆ, ಬೇಳೆ ಚಿಮ್ಮಿ ಅಜ್ಜಿಯ ಮುಖಕ್ಕೆ ಬಿದ್ದರೆ ನಗುತ್ತಾಳಂತೆ. ಸಾರಿನಲ್ಲಿ ಹಾಕಿ ಕೊಟ್ಟ ಮೊದಲ ದಿನ ಮೂರು ಬೇಳೆ ತಿಂದಳು, ಉಳಿದದ್ದನ್ನು ತಟ್ಟೆ ಅಂಚಿಗೆ ತಳ್ಳಿದಳು. ನಾನು ಹೇಳಿದ್ದು ನೆನಪಿತ್ತು, ಯಾರೂ ಏನೂ ಅನ್ನಲಿಲ್ಲ. ಐದನೆಯ ಸಲಕ್ಕೆ ಅಂಚಿನಲ್ಲಿ ಉಳಿದದ್ದು ಒಂದು ಚಮಚ. ಹುರುಳಿಪಲ್ಯ ಇನ್ನೂ ಮುಟ್ಟಿಲ್ಲ. ಅದು ತಟ್ಟೆಗೆ ಬರುತ್ತಲೇ ಇರಲಿ, ಒಂದು ಚಮಚದಷ್ಟು, ಎಂದು ಹೇಳಿ ಕಳಿಸಿದೆ.